ಉಪ್ಪು ಗಾಳಿಯ ಊರಲ್ಲಿ ತಾರಸಿ ಮನೆಯ ತುಕ್ಕು ರಿಪೇರಿ: ರಾಡಿನ ಹಿಂದೆ ಬೆರಳು ಹೋಗ್ಬೇಕು

ಸ್ಲ್ಯಾಬಿನ ಅಡಿಯಿಂದಲೋ ಸನ್‌ಶೇಡಿನಿಂದಲೋ ಕಾಂಕ್ರೀಟ್ ತುಂಡು ಬಿದ್ರೆ ಮೊದಲು ಅದನ್ನು ಗುಡಿಸಿ ಬಿಸಾಡ್ಬೇಡಿ ಮಾರಾಯ್ರೆ, ಎತ್ತಿ ಮಗುಚಿ ನೋಡಿ. ಒಡೆದ ಬದಿಯಲ್ಲಿ ಒಳಗಿನ ಕಬ್ಬಿಣದ ರಾಡ್ ಕೂತಿದ್ದ ಗುಳಿ ಉದ್ದಕ್ಕೆ ಕಾಣ್ತದೆ, ಅದರಲ್ಲಿ ಕಂದು ಪದರ ಅಂಟಿಕೊಂಡಿರ್ತದೆ, ಉಗುರಲ್ಲಿ ಕೆರೆದ್ರೆ ಹಪ್ಪಳದ ಚೂರಿನ ಹಾಗೆ ಉದುರ್ತದೆ. ಒಂದು ಸ್ಕೇಲ್ ತಗೊಂಡು ಆ ಗುಳಿಯಿಂದ ಕಾಂಕ್ರೀಟಿನ ಹೊರಮುಖಕ್ಕೆ ಎಷ್ಟು ದಪ್ಪ ಉಂಟು ಅಂತ ಅಳೆಯಿರಿ, ಮೇಲಿನ ಸಾರಣೆ ಲೆಕ್ಕಕ್ಕೆ ಇಲ್ಲ, ಕಾಂಕ್ರೀಟ್ ಮಾತ್ರ. ಅದಕ್ಕೆ ಕವರ್ ಅಂತ ಹೇಳುದು. ಉಚ್ಚಿಲದಲ್ಲಿ ನಮ್ಮ ಮಾವನ ಮನೆಯಲ್ಲಿ ಅಳೆದಾಗ 11 ಎಂಎಂ ಸಿಕ್ಕಿತು. ಸಮುದ್ರದ ಉಪ್ಪು ಗಾಳಿ ನೇರ ಹೊಡೆಯುವ ಜಾಗಕ್ಕೆ ಐಎಸ್ 456, ಅಂದ್ರೆ ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡದ ಪ್ರಕಾರ ಬೇಕಾದ್ದು 45 ಎಂಎಂ. ಅಷ್ಟೇ ಸಾಕು, ಆ ಮನೆಯ ಕಥೆ ಪೂರ್ತಿ ಆ ಒಂದು ತುಂಡಲ್ಲಿ ಉಂಟು.

ಆ ಮನೆಯ ಬಚ್ಚಲಿನ ಹೊರಗಿನ ಸ್ಲ್ಯಾಬಿಗೆ ಮಾವ ಮೂರು ಸಲ ರಿಪೇರಿ ಮಾಡಿಸಿದ್ದರು. ಪ್ರತಿ ಸಲವೂ ಒಂದೇ ಕ್ರಮ, ಸಡಿಲ ಇದ್ದದ್ದನ್ನು ಉದುರಿಸುದು, ಕಾಣುವ ರಾಡಿಗೆ ಸ್ವಲ್ಪ ಬ್ರಷ್ ತಿಕ್ಕುದು, ಸಿಮೆಂಟ್ ಹಾಲು ಬಳಿದು ಸಾರಣೆ ಮಾಡುದು, ಪೇಂಟ್ ಹೊಡೆಯುದು. ಎರಡು ಮಳೆಗಾಲ ಚಂದ, ಮೂರನೇದಕ್ಕೆ ಅದೇ ಜಾಗದಲ್ಲಿ ಉದ್ದಕ್ಕೆ ಗೆರೆ ಬಿಟ್ಟು ಮತ್ತೆ ಕೆಳಗೆ. ಕೊನೆಯ ಸಲ ಬಿದ್ದದ್ದು ಅತ್ತೆ ಪಾತ್ರೆ ತೊಳೆಯುವ ಕಲ್ಲಿನ ಮೇಲೆ, ಅವರು ಅಲ್ಲಿಂದ ಎದ್ದು ಹೋಗಿ ಹತ್ತು ನಿಮಿಷ ಆಗಿರ್ಲಿಲ್ಲ. ಆಮೇಲೆ ನಾನೇ ನಿಂತು ಮಾಡಿಸಿದೆ. ಈ ಕೆಲಸ ಹದಿನೈದು ವರ್ಷದಿಂದ ಮಾಡಿಸ್ತಾ ಬಂದವನು ನಾನು, ಆದ್ರೂ ಸ್ವಂತ ಮನೆಯವರು ಕೆಳಗೆ ಕೂತುಕೊಳ್ಳುವ ಜಾಗ ಅಂದಾಗ ಕೈ ಬೇರೆ ರೀತಿ ನಡುಗ್ತದೆ. ಹಾಗಾಗಿ ಯಾರಿಗಾದ್ರೂ ಉಪಯೋಗ ಆಗ್ಲಿ ಅಂತ ಮಾಡಿದ ಕ್ರಮವನ್ನೇ ಬರೀತಾ ಇದ್ದೇನೆ.

ತುಕ್ಕು ಯಾಕೆ ಹಿಡೀತದೆ ಅಂತ ಸ್ವಲ್ಪ ಗೊತ್ತಿದ್ರೆ ರಿಪೇರಿಯಲ್ಲಿ ಯಾವುದನ್ನು ಬಿಡ್ಬಾರ್ದು ಅಂತ ತಾನಾಗಿಯೇ ಗೊತ್ತಾಗ್ತದೆ. ಹೊಸ ಕಾಂಕ್ರೀಟ್ ತುಂಬಾ ಕ್ಷಾರ, ಕ್ಷಾರದ ಅಳತೆಯಾದ ಪಿಎಚ್ 12.5ರಿಂದ 13ರ ಹತ್ತಿರ. ಆ ಕ್ಷಾರದಲ್ಲಿ ಕಬ್ಬಿಣದ ಮೈಮೇಲೆ ಕಣ್ಣಿಗೆ ಕಾಣದ ಒಂದು ತೆಳು ಪೊರೆ ಕೂತ್ಕೊಳ್ತದೆ, ಅದು ಇರುವವರೆಗೆ ನೀರು ತಾಗಿದ್ರೂ ತುಕ್ಕು ಹಿಡಿಯುದಿಲ್ಲ. ಆ ಪೊರೆ ಹಾಳಾಗುದು ಎರಡು ರೀತಿಯಲ್ಲಿ. ಒಂದು, ಗಾಳಿಯ ಕಾರ್ಬನ್ ಡೈಆಕ್ಸೈಡ್ ನಿಧಾನಕ್ಕೆ ಒಳಗೆ ಇಳಿದು ಕ್ಷಾರವನ್ನು ತಿಂದು ಪಿಎಚ್ಚನ್ನು 9ಕ್ಕಿಂತ ಕೆಳಗೆ ತರ್ತದೆ. ಇನ್ನೊಂದು ಉಪ್ಪು, ಅಂದ್ರೆ ಕ್ಲೋರೈಡ್, ಅದು ಕ್ಷಾರ ಇದ್ರೂ ಬಿಡುದಿಲ್ಲ, ಪೊರೆಯನ್ನು ಅಲ್ಲಲ್ಲಿ ತೂತು ಮಾಡಿ ಒಳಗೆ ಗುಂಡಿ ತೋಡ್ತದೆ. ನಮ್ಮ ಊರಲ್ಲಿ ಎರಡೂ ಒಟ್ಟಿಗೆ ನಡೀತದೆ, ಬೇಸಿಗೆಯಲ್ಲಿ ಕಾಂಕ್ರೀಟ್ ಒಣಗಿ ಗಾಳಿ ಒಳಗೆ ಹೋಗ್ತದೆ, ಮಳೆಗಾಲದಲ್ಲಿ ತುಕ್ಕಿಗೆ ಬೇಕಾದ ನೀರು ಬರ್ತದೆ, ವರ್ಷಕ್ಕೆ 3500 ಎಂಎಂಗಿಂತ ಹೆಚ್ಚು ಮಳೆ ಬೀಳುವ ಕಡೆ ನೀರಿಗೆ ಎಂತ ಬರಗಾಲ, ಮತ್ತೆ ಪಡುಗಾಳಿ ಉಪ್ಪನ್ನು ತಂದು ಗೋಡೆಗೆ ಹೊಡೀತಾನೇ ಇರ್ತದೆ. ಅದರ ಮೇಲೆ ಹಿಂದೆ ಎಷ್ಟೋ ಮನೆಗೆ ನದಿ ಕಡಲು ಸೇರುವ ಅಳಿವೆ ಬಾಗಿಲಿನ ಹೊಯಿಗೆಯನ್ನೇ, ಅಂದ್ರೆ ಮರಳನ್ನೇ, ತೊಳೆಯದೆ ಹಾಕಿದ್ದಾರೆ, ಅಂಥ ಮನೆಯಲ್ಲಿ ಉಪ್ಪು ಹೊರಗಿಂದ ಬರ್ಬೇಕು ಅಂತಲೇ ಇಲ್ಲ, ಹುಟ್ಟುವಾಗಲೇ ಒಳಗುಂಟು.

ತುಕ್ಕಾದ ಕಬ್ಬಿಣ ಮೂಲದ ಎರಡರಿಂದ ಆರು ಪಟ್ಟು ಜಾಗ ಕೇಳ್ತದೆ, ಕಾಂಕ್ರೀಟಿಗೆ ಎಳೆತ ತಡೆಯುವ ಶಕ್ತಿ ಕಮ್ಮಿ, ಹಾಗಾಗಿ ಒಡೀತದೆ. ಇಲ್ಲಿ ಮುಖ್ಯ ಮಾತು ಎಂತ ಅಂದ್ರೆ ತುಕ್ಕು ರಾಡಿನ ಸುತ್ತ ಇರ್ತದೆ, ನಮಗೆ ಕಾಣುವ ಕೆಳಗಿನ ಅರ್ಧದಲ್ಲಿ ಮಾತ್ರ ಅಲ್ಲ. ಕೆಳಗಿನ ಅರ್ಧ ತಿಕ್ಕಿ ಮುಚ್ಚಿದ್ರೆ ಮೇಲಿನ ಅರ್ಧ ಉಪ್ಪು ತುಂಬಿದ ಹಳೆ ಕಾಂಕ್ರೀಟಿಗೆ ಅಂಟಿಕೊಂಡು ಹಾಗೇ ಉಳೀತದೆ. ಮಾವನ ಮನೆಯಲ್ಲಿ ಮೂರು ಸಲ ಆದದ್ದು ಅದೇ.

ಈಗ ಕೆಲಸಕ್ಕೆ ಬರುವ. ಮೊದಲು ತಟ್ಟಿ ನೋಡುದು. ಸಣ್ಣ ಸುತ್ತಿಗೆ ಸಾಕು, ಬಿದ್ದ ಜಾಗದಿಂದ ಶುರು ಮಾಡಿ ಸುತ್ತ ತಟ್ಟುತ್ತಾ ಹೋಗಿ, ಗಟ್ಟಿ ಇರುವಲ್ಲಿ ಟಣ್ ಅಂತದೆ, ಒಳಗೆ ಬಿಟ್ಟಿರುವಲ್ಲಿ ಟೊಳ್ಳು ಸದ್ದು ಬರ್ತದೆ, ಹಲಸಿನ ಹಣ್ಣು ತಟ್ಟಿ ನೋಡಿದ ಅಭ್ಯಾಸ ಇದ್ದವರಿಗೆ ಇದು ಹೇಳಿಕೊಡ್ಬೇಕಾಗಿಲ್ಲ. ಟೊಳ್ಳು ಇದ್ದಷ್ಟಕ್ಕೂ ಚಾಕ್‌ಪೀಸಲ್ಲಿ ಗೆರೆ ಹಾಕಿ. ಉಚ್ಚಿಲದಲ್ಲಿ ಬಿದ್ದದ್ದು ಒಂದು ಊಟದ ತಟ್ಟೆಯಷ್ಟು, ಗೆರೆ ಹಾಕಿದಾಗ ಒಂದು ಬಾಗಿಲಿನಷ್ಟಾಯ್ತು. ಬಿರುಕನ್ನೂ ನೋಡಿ, ರಾಡ್ ಓಡಿದ ದಾರಿಯಲ್ಲೇ ನೆಟ್ಟಗೆ ಹೋಗುವ ಬಿರುಕು, ಬದಿಯಲ್ಲಿ ಕಂದು ಕಲೆ, ಇದು ತುಕ್ಕಿನದ್ದು. ಜೇಡರ ಬಲೆಯ ಹಾಗೆ ಸಣ್ಣ ಸಣ್ಣ ಬಿರುಕು ಹೆಚ್ಚಾಗಿ ಸಾರಣೆಯದ್ದು, ಅದಕ್ಕೆ ಹೆದರ್ಬೇಡಿ.

ಇನ್ನೊಂದು ಪರೀಕ್ಷೆ ನನಗೆ ತುಂಬಾ ಇಷ್ಟ, ಖರ್ಚೂ ಜಾಸ್ತಿ ಇಲ್ಲ. ಲ್ಯಾಬ್ ಕೆಮಿಕಲ್ ಮಾರುವ ಅಂಗಡಿಯಲ್ಲಿ ಫಿನಾಲ್ಫ್ಥಲೀನ್ ದ್ರಾವಣ ಸಿಗ್ತದೆ, ಹೈಸ್ಕೂಲ್ ಲ್ಯಾಬಲ್ಲಿ ನೋಡಿರ್ತೀರಿ. ಆಗಷ್ಟೇ ಒಡೆದ ಕಾಂಕ್ರೀಟಿನ ಮೇಲೆ, ಧೂಳು ಊದಿ ತೆಗೆದು, ಸ್ಪ್ರೇ ಮಾಡಿ. ಕ್ಷಾರ ಇರುವಲ್ಲಿ ಗಾಢ ಗುಲಾಬಿ ಬಣ್ಣ ಬರ್ತದೆ, ಕ್ಷಾರ ಹೋದಲ್ಲಿ ಬಣ್ಣ ಬರುದೇ ಇಲ್ಲ. ಹೊರಗಿಂದ ಎಷ್ಟು ಎಂಎಂವರೆಗೆ ಬಣ್ಣ ಇಲ್ಲ ಅಂತ ಅಳೆದು ಬರ್ಕೊಳ್ಳಿ. ರಾಡಿನ ಸುತ್ತ ಬಣ್ಣ ಬರ್ಲಿಲ್ಲ ಅಂದ್ರೆ ಗಾಳಿಯ ಕೆಲಸ. ರಾಡಿನ ಸುತ್ತ ಚಂದ ಗುಲಾಬಿ ಬಂದು ಕೂಡ ರಾಡ್ ತುಕ್ಕು ಹಿಡಿದಿದ್ರೆ ಅಲ್ಲಿ ಉಪ್ಪು ಉಂಟು ಅಂತ ಅರ್ಥ, ಅದು ಕೆಟ್ಟ ಸುದ್ದಿ, ಯಾಕಂದ್ರೆ ಉಪ್ಪಿನ ತುಕ್ಕು ಒಂದೇ ಜಾಗದಲ್ಲಿ ಆಳಕ್ಕೆ ಕೊರೀತದೆ, ಹೊರಗೆ ಬಿರುಕು ಬರುವ ಮೊದಲೇ ರಾಡ್ ಸಪುರ ಆಗಿರ್ಬಹುದು. ಅಂಥ ಮನೆಯಲ್ಲಿ ಒಂದೆರಡು ಜಾಗದ ಕಾಂಕ್ರೀಟ್ ಪುಡಿಯನ್ನು ಬೇರೆ ಬೇರೆ ಆಳದಿಂದ ಡ್ರಿಲ್ ಮಾಡಿ ತೆಗೆದು ಕ್ಲೋರೈಡ್ ಟೆಸ್ಟಿಗೆ ಕೊಡುದು ಒಳ್ಳೇದು, ಸುರತ್ಕಲ್ಲಿನ ಎನ್‌ಐಟಿಕೆಯಂಥ ಸಿವಿಲ್ ವಿಭಾಗ ಇರುವ ಕಾಲೇಜುಗಳಲ್ಲಿ ವಿಚಾರಿಸಿ.

ಒಂದು ಗಡಿ ಹಾಕಿಕೊಳ್ಳಿ. ಸ್ಲ್ಯಾಬಿನ ಅಡಿಯ ಸಣ್ಣ ಜಾಗ, ಲಿಂಟಲಿನ ಬದಿ, ಇದು ಒಳ್ಳೆ ಮೇಸ್ತ್ರಿ ಮತ್ತೆ ಎದುರು ನಿಂತು ನೋಡುವ ಮನೆಯವರು ಇದ್ರೆ ಆಗುವ ಕೆಲಸ. ಪಿಲ್ಲರ್, ದೊಡ್ಡ ಬೀಮ್, ಬಾಲ್ಕನಿ, ನೀರಿನ ಟ್ಯಾಂಕಿನ ಕೆಳಗಿನ ಭಾಗ, ಇಲ್ಲೆಲ್ಲ ಸ್ಟ್ರಕ್ಚರಲ್ ಇಂಜಿನಿಯರ್ ಬಂದು ನೋಡದೆ ಉಳಿ ಮುಟ್ಟಿಸ್ಲೇಬಾರ್ದು. ಪಿಲ್ಲರಿನ ನಾಲ್ಕೂ ಬದಿ ಒಟ್ಟಿಗೆ ಕೆತ್ತಿದ್ರೆ ಮೇಲಿನ ಭಾರ ಹೊರುದು ಯಾರು?

ಕೆತ್ತುವ ಮೊದಲು ನೀರು ಎಲ್ಲಿಂದ ಬರ್ತದೆ ಅಂತ ಹುಡುಕಿ ಅದನ್ನು ನಿಲ್ಸಿ. ಮೇಲೆ ಬಚ್ಚಲು ಇದ್ರೆ ಪೈಪಿನ ಜಾಯಿಂಟ್, ತಾರಸಿ ಆದ್ರೆ ನೀರು ನಿಲ್ಲುವ ಮೂಲೆ, ಎಲೆ ಕಟ್ಟಿದ ನೀರಿನ ತೂತು. ಮೇಲಿನಿಂದ ನೀರು ಇಳೀತಾ ಇರುವಾಗ ಅಡಿಯಿಂದ ವಾಟರ್‌ಪ್ರೂಫ್ ಪೇಂಟ್ ಬಳಿದ್ರೆ ನೀರನ್ನು ಒಳಗೇ ಕಟ್ಟಿ ಇಟ್ಟ ಹಾಗಾಗ್ತದೆ. ಕೆಲಸದ ಕಾಲ ನವೆಂಬರಿಂದ ಫೆಬ್ರವರಿ, ಗೋಡೆ ಒಣಗಿರ್ತದೆ, ಕ್ಯೂರಿಂಗಿಗೆ ಬಾವಿಯಲ್ಲಿ ನೀರೂ ಇರ್ತದೆ. ಬಾವಿ ನೀರು ಬಾಯಿಗೆ ಹಾಕಿದ್ರೆ ಉಪ್ಪುಪ್ಪು ಅನ್ನಿಸಿದ್ರೆ ಅದು ಸಿಮೆಂಟ್ ಕಲಸ್ಲಿಕ್ಕೂ ಬೇಡ ಕ್ಯೂರಿಂಗಿಗೂ ಬೇಡ, ರಾಡ್ ಇರುವ ಕಾಂಕ್ರೀಟಿಗೆ ಬಳಸುವ ನೀರಲ್ಲಿ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ದಾಟ್ಬಾರ್ದು.

ಸ್ಲ್ಯಾಬಿನ ಅಡಿ ಜಾಕಿ ಕೊಡಿ. ಅಡಿಕೆ ಮರದ ಕಂಬವೂ ಆಗ್ತದೆ, ಮೇಲೆ ಹಲಗೆ ಇಟ್ಟು ಕೆಳಗೆ ಬೆಣೆ ಹೊಡೆದು ಬಿಗಿ ಮಾಡ್ಬೇಕು. ಸ್ಲ್ಯಾಬಿನೊಳಗೆ ವಯರಿನ ಪೈಪ್ ಇರ್ತದೆ, ಮೇನ್ ಸ್ವಿಚ್ ಆಫ್ ಮಾಡಿ. ಕನ್ನಡಕ, ಹೆಲ್ಮೆಟ್ ಹಾಕದವರು ಅಡಿಯಲ್ಲಿ ನಿಲ್ಲುದು ಬೇಡ.

ಚಾಕ್‌ಪೀಸಿನ ಗೆರೆಯ ಹೊರಗೆ ಚೌಕ ಹಾಕಿ, ಕಟ್ಟಿಂಗ್ ಮೆಷಿನಲ್ಲಿ ಅಂಚಿಗೆ 10 ಎಂಎಂ ಆಳ ಗೀರಿ, ಆದ್ರೆ ರಾಡ್ ಹೊರಮುಖದ ಹತ್ತಿರವೇ ಉಂಟು ಅಂತ ಗೊತ್ತಿದ್ರೆ ಅಲ್ಲಿ ಜಾಗ್ರತೆ, ಬ್ಲೇಡ್ ರಾಡಿಗೆ ತಾಗ್ಬಾರ್ದು. ಅಂಚು ನೆಟ್ಟಗೆ ಇರ್ಬೇಕು ಯಾಕಂದ್ರೆ ದೋಸೆಯ ಅಂಚಿನ ಹಾಗೆ ತೆಳ್ಳಗೆ ಎಳೆದ ಸಾರಣೆ ಮೊದಲು ಏಳುದೇ ಅಲ್ಲಿಂದ. ಆಮೇಲೆ ಉಳಿ ಸುತ್ತಿಗೆಯಲ್ಲಿ ಅಥವಾ ಸಣ್ಣ ಬ್ರೇಕರಲ್ಲಿ ಕೆತ್ತುತ್ತಾ ಹೋಗಿ, ರಾಡ್ ಕಂಡಾಗ ನಿಲ್ಸುದಲ್ಲ, ರಾಡಿನ ಹಿಂದೆ ಹೋಗಿ. ಕನಿಷ್ಠ 20 ಎಂಎಂ ಸಂದು ಆಗ್ಬೇಕು. ಅಳತೆ ಪಟ್ಟಿ ಹುಡುಕ್ಬೇಕಾಗಿಲ್ಲ, ತೋರು ಬೆರಳು ರಾಡಿನ ಹಿಂದೆ ಆರಾಮಲ್ಲಿ ಹೋಗಿ ಬರ್ಬೇಕು, ಅಷ್ಟೇ. ಉದ್ದಕ್ಕೂ ತುಕ್ಕು ಮುಗಿಯುವವರೆಗೆ ಹಿಂಬಾಲಿಸಿ, ಒಳ್ಳೆ ರಾಡ್ ಸಿಕ್ಕಿದ ಮೇಲೂ ಇನ್ನೊಂದು 50 ಎಂಎಂ ಬಿಡಿಸಿ. ಈ ಹಂತದಲ್ಲಿ ಎಲ್ಲಾ ಮೇಸ್ತ್ರಿಗಳೂ ತಕರಾರು ಮಾಡ್ತಾರೆ. "ಇಷ್ಟು ಒಳ್ಳೆ ಕಾಂಕ್ರೀಟ್ ಯಾಕೆ ಸರ್ ಒಡೆಯುದು, ಕೈ ನೋಯ್ತದೆ ಹೊರತು ಎಂತ ಲಾಭ" ಅಂತ ಉಚ್ಚಿಲದಲ್ಲೂ ಕೇಳಿದ್ರು. ಅವರ ಬೆರಳನ್ನೇ ರಾಡಿನ ಹಿಂದೆ ಹಾಕಿಸಿದೆ, ಹೊರಗೆ ತೆಗೆದಾಗ ತುದಿ ಪೂರ್ತಿ ಕೆಂಪು. ಆಮೇಲೆ ಅವರು ಮಾತಾಡ್ಲಿಲ್ಲ, ಸಂಜೆವರೆಗೆ ಕೆತ್ತಿದ್ರು.

ಕ್ಲೀನ್ ಮಾಡುದರಲ್ಲಿ ಕೈ ಬ್ರಷ್ ಸಾಲುದಿಲ್ಲ. ಗ್ರೈಂಡರಿಗೆ ವೈರ್ ಕಪ್ ಹಾಕಿ ಕಬ್ಬಿಣದ ಹೊಳಪು ಕಾಣುವವರೆಗೆ ತಿಕ್ಕಿ, ಹಿಂಭಾಗಕ್ಕೆ ಎಮರಿ ಪಟ್ಟಿಯನ್ನು ರಾಡಿಗೆ ಸುತ್ತಿ ಎಳೀಬೇಕು, ದೊಡ್ಡ ಕೆಲಸ ಆದ್ರೆ ಸ್ಯಾಂಡ್ ಬ್ಲಾಸ್ಟಿಂಗೇ ಒಳ್ಳೇದು. ಆಸಿಡ್ ಬಳೀಬೇಡಿ, ಟಾಯ್ಲೆಟ್ ತೊಳೆಯುವ ಆಸಿಡ್ ಅಂದ್ರೆ ಹೈಡ್ರೋಕ್ಲೋರಿಕ್, ಅದರಲ್ಲಿರುದೂ ಕ್ಲೋರೈಡೇ, ಯಾವ ಶತ್ರುವನ್ನು ಓಡಿಸ್ಲಿಕ್ಕೆ ಹೊರಟಿದ್ದೇವೋ ಅವನನ್ನೇ ಕೈ ಹಿಡಿದು ಒಳಗೆ ಕರೆದ ಹಾಗೆ. ತುಕ್ಕಿನ ಗುಂಡಿಯೊಳಗೆ ಉಪ್ಪು ಕೂತಿರ್ತದೆ, ಹಾಗಾಗಿ ತಿಕ್ಕಿದ ಮೇಲೆ ಸಿಹಿ ನೀರಲ್ಲಿ ಜೋರಾಗಿ ತೊಳೆದು, ಬ್ಲೋವರಲ್ಲಿ ಒಣಗಿಸಿ, ಮತ್ತೊಮ್ಮೆ ಲಘುವಾಗಿ ತಿಕ್ಕಿ.

ಈಗ ರಾಡ್ ಎಷ್ಟು ಉಳಿದಿದೆ ಅಂತ ವರ್ನಿಯರ್ ಕ್ಯಾಲಿಪರಲ್ಲಿ ಅತಿ ಸಪುರ ಇರುವಲ್ಲಿ ಅಳೆಯಿರಿ. 8 ಎಂಎಂ ರಾಡ್ 7 ಆಗಿದ್ರೆ ಒಂದು ಎಂಎಂ ಅಲ್ವಾ ಅನ್ನಿಸ್ತದೆ, ಆದ್ರೆ ಭಾರ ಹೊರುದು ಅಡ್ಡ ಕೊಯ್ದಾಗ ಕಾಣುವ ವಿಸ್ತೀರ್ಣ, ಅದು 50 ಚದರ ಎಂಎಂನಿಂದ 38ಕ್ಕೆ ಇಳಿದಿರ್ತದೆ, ಹತ್ತಿರ ಹತ್ತಿರ ಕಾಲು ಭಾಗ ಹೋಯ್ತು. 6 ಆಗಿದ್ರೆ 28, ಅಂದ್ರೆ ಅರ್ಧಕ್ಕಿಂತ ಸ್ವಲ್ಪ ಮಾತ್ರ ಜಾಸ್ತಿ ಉಳಿದದ್ದು. ಐದನೇ ಒಂದು ಭಾಗಕ್ಕಿಂತ ಹೆಚ್ಚು ಹೋಗಿದ್ರೆ ಪಕ್ಕದಲ್ಲಿ ಹೊಸ ರಾಡ್ ಕೊಡ್ಬೇಕು, ಹೊಸದು ಒಳ್ಳೆ ರಾಡಿನ ಜೊತೆ ಎರಡೂ ಕಡೆ ಎಷ್ಟು ಉದ್ದ ಲ್ಯಾಪ್ ಆಗ್ಬೇಕು, ಅಂದ್ರೆ ಪಕ್ಕ ಪಕ್ಕ ಜೊತೆಗೆ ಓಡ್ಬೇಕು ಅಂತ ಇಂಜಿನಿಯರ್ ಹೇಳ್ತಾರೆ, ಅದು ಒಂದು ಗೇಣಿನ ಲೆಕ್ಕ ಅಲ್ಲ, ರಾಡಿನ ದಪ್ಪದ ನಲವತ್ತು ಐವತ್ತು ಪಟ್ಟಿನ ಲೆಕ್ಕ, 8 ಎಂಎಂ ರಾಡಿಗೇ ಒಂದೂಕಾಲು ಅಡಿ ಹತ್ತಿರ ಹೋಗ್ತದೆ. ಬೈಂಡಿಂಗ್ ವಯರಲ್ಲಿ ಆರಿಂಚು ತುಂಡು ಕಟ್ಟಿ ಬಿಟ್ರೆ ಅದು ನೋಡ್ಲಿಕ್ಕೆ ಮಾತ್ರ.

ತಿಕ್ಕಿದ ದಿನವೇ ರಾಡಿಗೆ ಪ್ರೈಮರ್ ಹಚ್ಚಿ, ನಾಳೆ ಅಂತ ಬಿಟ್ರೆ ಕಡಲ ಗಾಳಿಗೆ ಬೆಳಿಗ್ಗೆ ಮತ್ತೆ ಕೇಸರಿ ಬಣ್ಣ ಬಂದಿರ್ತದೆ. ಝಿಂಕ್ ಇರುವ ಎಪಾಕ್ಸಿ ಪ್ರೈಮರ್ ಸಿಗ್ತದೆ, ಸಿಮೆಂಟ್ ಬೇಸಿನ ತುಕ್ಕು ನಿರೋಧಕ ಕೋಟೂ ಸಿಗ್ತದೆ. ಬ್ರಷ್ ಹಿಂಭಾಗಕ್ಕೆ ಹೋಗ್ತದಾ ನೋಡಿ, ಕೈಕನ್ನಡಿ ಹಿಡಿದು ಪರೀಕ್ಷೆ ಮಾಡಿ. ಝಿಂಕ್ ಪ್ರೈಮರ್ ಕಾಂಕ್ರೀಟಿಗೆಲ್ಲ ಬಳೀಬೇಡಿ, ಹೊಸ ಮಾಲು ಅಲ್ಲಿ ಹಿಡಿಯುದಿಲ್ಲ.

ಮುಚ್ಚುದಕ್ಕೆ ಮನೆಯಲ್ಲಿ ಕಲಸಿದ ಬರೀ ಸಿಮೆಂಟ್ ಹೊಯಿಗೆ ಬೇಡ, ಅದು ಒಣಗುವಾಗ ಕುಗ್ಗಿ ಅಂಚಲ್ಲಿ ಬಿಡ್ತದೆ. ಪಾಲಿಮರ್ ಸೇರಿದ ರಿಪೇರಿ ಮಾರ್ಟರ್ ಬ್ಯಾಗಲ್ಲೇ ಬರ್ತದೆ, ನೀರೆಷ್ಟು ಅಂತ ಬ್ಯಾಗಲ್ಲಿ ಬರೆದಿರ್ತದೆ, ಅದಕ್ಕಿಂತ ಒಂದು ಚೊಂಬು ಕೂಡ ಜಾಸ್ತಿ ಹಾಕ್ಲಿಕ್ಕೆ ಬಿಡ್ಬೇಡಿ. ಹಳೆ ಕಾಂಕ್ರೀಟನ್ನು ಹಿಂದಿನ ದಿನವೇ ನೀರು ಕುಡಿಸಿ, ಹಚ್ಚುವಾಗ ಒಳಗೆ ತೇವ ಇರ್ಬೇಕು ಮೇಲೆ ನೀರು ಮಿನುಗ್ಬಾರ್ದು, ಹಳತಿಗೆ ಹೊಸದು ಅಂಟುವ ಬಾಂಡಿಂಗ್ ಕೋಟ್ ಹಚ್ಚಿ ಅದು ಒಣಗುವ ಮೊದಲೇ ಮಾರ್ಟರನ್ನು ಕೈಗವಸು ಹಾಕಿಕೊಂಡು ರಾಡಿನ ಹಿಂದಕ್ಕೆ ಒತ್ತಿ ಒತ್ತಿ ತುಂಬಿ, ಅಲ್ಲಿ ಗಾಳಿ ಉಳಿದ್ರೆ ಇಷ್ಟು ಹೊತ್ತು ಕೆತ್ತಿದ್ದು ದಂಡ. ಎಪಾಕ್ಸಿ ಬಾಂಡಿಂಗ್ ಆದ್ರೆ ಮೇಲ್ಮೈ ಒಣಗಿರ್ಬೇಕು, ಅದರ ಕ್ರಮ ಬೇರೆ, ಡಬ್ಬದ ಮೇಲೆ ಓದಿ. ತಲೆ ಮೇಲಿನ ಕೆಲಸದಲ್ಲಿ ಒಂದು ಪದರಕ್ಕೆ 10ರಿಂದ 15 ಎಂಎಂ ಸಾಕು, ಮೊದಲ ಪದರ ಗೀರಿ ಬಿಟ್ಟು ಎರಡನೇದು. ಆಳ ಎರಡು ಇಂಚಿಗಿಂತ ಹೆಚ್ಚಿದ್ರೆ ಹಲಗೆ ಕಟ್ಟಿ ಮೈಕ್ರೋ ಕಾಂಕ್ರೀಟ್, ಅಂದ್ರೆ ತಾನೇ ಹರಿದು ತುಂಬುವ ನಯ ಕಾಂಕ್ರೀಟ್, ಹೊಯ್ಯುದು ಒಳ್ಳೇದು. ಆಮೇಲೆ ಮೊದಲ ದಿನ ಒಣಗ್ಲಿಕ್ಕೆ ಬಿಡ್ಬೇಡಿ, ಅಡಿಭಾಗಕ್ಕೆ ಗೋಣಿ ನಿಲ್ಲುದಿಲ್ಲ, ಪ್ಲಾಸ್ಟಿಕ್ ಶೀಟ್ ಟೇಪ್ ಹಾಕಿ ಅಂಟಿಸಿ. ಮೈಕ್ರೋ ಕಾಂಕ್ರೀಟ್ ಆದ್ರೆ ಏಳು ದಿನ ನೀರು.

ಉಪ್ಪು ಇರುವ ಮನೆಯಲ್ಲಿ ಇಷ್ಟೆಲ್ಲ ಮಾಡಿಯೂ ಒಂದು ಸಮಸ್ಯೆ ಉಳೀತದೆ. ರಿಪೇರಿ ಆದ ಜಾಗ ಸರಿ ಇರ್ತದೆ, ಎರಡು ಮೂರು ವರ್ಷದಲ್ಲಿ ಅದರ ಪಕ್ಕದಲ್ಲೇ ಹೊಸ ಬಿರುಕು. ಹೊಸ ಮಾರ್ಟರಿನೊಳಗಿನ ರಾಡ್ ಮತ್ತೆ ಹಳೆ ಉಪ್ಪು ಕಾಂಕ್ರೀಟಿನೊಳಗಿನ ರಾಡ್ ಬ್ಯಾಟರಿಯ ಎರಡು ತುದಿಯ ಹಾಗೆ ಆಗಿ ತುಕ್ಕೆಲ್ಲ ಹಳೆ ಕಡೆಗೆ ಓಡ್ತದೆ. ಅದಕ್ಕೆ ಝಿಂಕಿನ ಬಿಲ್ಲೆ ಬರ್ತದೆ, ಆನೋಡ್ ಅಂತ, ಗುಂಡಿಯ ಅಂಚಿನಲ್ಲಿ ರಾಡಿಗೆ ಬಿಗಿಯಾಗಿ ಕಟ್ಟಿ ಮುಚ್ಚಿದ್ರೆ ಕಬ್ಬಿಣದ ಬದಲು ಝಿಂಕ್ ತಾನು ಸವೀತದೆ. ಮಲ್ಪೆಯಲ್ಲಿ ಕಬ್ಬಿಣದ ಬೋಟ್ ಇರುವವರಿಗೆ ಅಡಿಗೆ ಝಿಂಕ್ ಹಾಕುದು ಗೊತ್ತುಂಟು, ಅದೇ ಲೆಕ್ಕ ಇಲ್ಲಿ ಕೂಡ.

ಸನ್‌ಶೇಡಿನ ವಿಷಯ ಬೇರೆ ಹೇಳ್ಲೇಬೇಕು. ಗೋಡೆಯಿಂದ ಹೊರಗೆ ಚಾಚಿದ ಸನ್‌ಶೇಡಲ್ಲಿ ಮುಖ್ಯ ರಾಡ್ ಇರ್ಬೇಕಾದ್ದು ಮೇಲ್ಭಾಗದಲ್ಲಿ, ಎಳೆತ ಇರುದು ಅಲ್ಲಿ. ಅಡಿಯಿಂದ ತುಂಡು ಬಿದ್ದು ಮುಖ್ಯ ರಾಡ್ ಕೆಳಗೇ ಕಂಡ್ರೆ ಕಾಂಕ್ರೀಟ್ ಹಾಕುವ ದಿನ ಕೆಲಸದವರು ಮೆಟ್ಟಿ ಮೆಟ್ಟಿ ಅದು ಕೆಳಗೆ ಕೂತಿದೆ ಅಂತ ಅರ್ಥ. ಅಂಥ ಸನ್‌ಶೇಡಿಗೆ ರಿಪೇರಿ ಬೇಡ, ಇಂಜಿನಿಯರಿಗೆ ತೋರಿಸಿ, ಹೆಚ್ಚಾಗಿ ಕೊಯ್ದು ತೆಗೆಯುದೇ ದಾರಿ. ಅದರ ಅಡಿಯಲ್ಲಿ ಮಕ್ಕಳ ಸೈಕಲ್ ನಿಲ್ಲಿಸ್ಲಿಕ್ಕೆ ಈವತ್ತಿಂದಲೇ ಬಿಡ್ಬೇಡಿ.

ತಾರಸಿ ಮೇಲೆ ಮುಂದೆ ಇನ್ನೊಂದು ಮಾಳಿಗೆ ಕಟ್ಟುವ ಅಂತ ಪಿಲ್ಲರಿನ ರಾಡನ್ನು ಹೊರಗೆ ಬಿಟ್ಟಿರ್ತಾರಲ್ವಾ, ಉಡುಪಿಯಿಂದ ಮಂಗಳೂರಿಗೆ ಬಸ್ಸಲ್ಲಿ ಬರುವಾಗ ಕಿಟಕಿಯಿಂದ ನೋಡಿ ಎಷ್ಟು ಮನೆ ಮೇಲೆ ಉಂಟು ಅಂತ, ನನಗೆ ಅದನ್ನು ನೋಡಿದ್ರೆ ಸಂಕಟ ಆಗ್ತದೆ. ಹತ್ತು ವರ್ಷ ಮಳೆಗೆ ನಿಂತ ರಾಡ್ ಬುಡದಲ್ಲೇ ಸಪುರ ಆಗ್ತದೆ, ನೀರು ಅದರ ಬದಿಯಿಂದ ಪಿಲ್ಲರಿನ ತಲೆಯೊಳಗೆ ಇಳೀತದೆ. ತಿಕ್ಕಿ ಝಿಂಕ್ ಪ್ರೈಮರ್ ಹೊಡೆದು, ಪಿವಿಸಿ ಪೈಪ್ ಇಳಿಸಿ ಒಳಗೆ ತೆಳು ಸಿಮೆಂಟ್ ಮಿಕ್ಸ್ ತುಂಬಿಸಿ ಬಾಯಿ ಮುಚ್ಚಿ, ಕಟ್ಟುವಾಗ ಒಡೆದು ತೆಗೀಬಹುದು.

ಹೊಸ ಮನೆ ಕಟ್ಟಿಸುವವರಿಗೆ ಸ್ವಲ್ಪ. ಗಾಳಿ ಒಳಗಿಳಿಯುದು ಕಾಲದ ವರ್ಗಮೂಲದ ಲೆಕ್ಕದಲ್ಲಿ, ಅಂದ್ರೆ 20 ಎಂಎಂ ಇಳೀಲಿಕ್ಕೆ 25 ವರ್ಷ ಆದ್ರೆ 40 ಎಂಎಂಗೆ 50 ಅಲ್ಲ, 100 ವರ್ಷ. ಕವರ್ ಡಬಲ್ ಮಾಡಿದ್ರೆ ಆಯುಷ್ಯ ನಾಲ್ಕು ಪಟ್ಟು, ಇಷ್ಟು ಕಮ್ಮಿ ದುಡ್ಡಿಗೆ ಇಷ್ಟು ಲಾಭ ಕೊಡುವ ವಸ್ತು ಸೈಟಲ್ಲಿ ಬೇರೆ ಇಲ್ಲ. ಐಎಸ್ 456 ಪ್ರಕಾರ ಕರಾವಳಿಯಲ್ಲಿ ಉಪ್ಪು ಗಾಳಿಗೆ ಮರೆ ಇರುವ ಒಳಭಾಗಕ್ಕೆ 30 ಎಂಎಂ ಕವರ್, ಎಂ 25 ಕಾಂಕ್ರೀಟ್, ಎಂ ಅಂದ್ರೆ ಕಾಂಕ್ರೀಟಿನ ಶಕ್ತಿಯ ದರ್ಜೆ. ಹೊರಗೆ ತೆರೆದದ್ದಕ್ಕೆ 45 ಎಂಎಂ, ಎಂ 30, ನೀರು ಸಿಮೆಂಟಿನ 0.45 ಪಾಲು ಮೀರ್ಬಾರ್ದು, ಒಂದು 50 ಕೆಜಿ ಚೀಲಕ್ಕೆ ಹೊಯಿಗೆಯ ತೇವವೂ ಸೇರಿ ಇಪ್ಪತ್ತೆರಡೂವರೆ ಲೀಟರ್. ಅಲೆಯ ನೀರು ಎರಚುವ ಜಾಗ ಆದ್ರೆ 50 ಎಂಎಂ, ಎಂ 35. ಕವರ್ ಹೆಚ್ಚಾದಾಗ ಸ್ಲ್ಯಾಬಿನ ದಪ್ಪ ಕೂಡ ಡ್ರಾಯಿಂಗಲ್ಲೇ ಬದಲಾಗ್ಬೇಕು, ಸೈಟಲ್ಲಿ ರಾಡ್ ಎತ್ತಿ ಕಟ್ಟುದಲ್ಲ. ರಾಡನ್ನು ಎತ್ತಿ ಹಿಡಿಯುವ ಕವರ್ ಬ್ಲಾಕ್ ಅಂತ ಜಲ್ಲಿ ತುಂಡು, ಟೈಲ್ಸ್ ಚೂರು ಇಡ್ಲಿಕ್ಕೆ ಬಿಡ್ಬೇಡಿ. ಸಿಮೆಂಟ್ ಪಿಪಿಸಿ (ಹಾರುಬೂದಿ ಸೇರಿದ್ದು) ಅಥವಾ ಸ್ಲ್ಯಾಗ್ ಸಿಮೆಂಟ್ (ಕಬ್ಬಿಣದ ಕುಲುಮೆಯ ಕಿಟ್ಟ ಸೇರಿದ್ದು) ತಗೊಳ್ಳಿ, ಉಪ್ಪು ಒಳಗಿಳಿಯುದನ್ನು ಅದು ಚಂದ ತಡೀತದೆ, ಆದ್ರೆ ಅದಕ್ಕೆ ಕ್ಯೂರಿಂಗ್ ಜಾಸ್ತಿ ಬೇಕು, ಕನಿಷ್ಠ 10 ದಿನ, 14 ಆದ್ರೆ ಒಳ್ಳೇದು. ಕಾಂಕ್ರೀಟಿನ ದಿನ ಲಾರಿ ಬರುವ ಮೊದಲು ನೀವೇ ಸೆಂಟ್ರಿಂಗ್ ಮೇಲೆ ಹತ್ತಿ ಪ್ರತಿ ರಾಡಿನ ಅಡಿಗೆ ಬೆರಳು ಹಾಕಿ ನೋಡಿ, ಆಗ ಬೆರಳು ಹೋದ್ರೆ ಮೂವತ್ತು ವರ್ಷದ ಮೇಲೆ ಉಳಿ ಹಿಡಿದು ಹೋಗಿಸ್ಬೇಕಾಗುದಿಲ್ಲ.

ರಿಪೇರಿ ಮಾಡಿದ ಜಾಗದ ಪಕ್ಕದ ಗೋಡೆಯಲ್ಲಿ ಪೆನ್ಸಿಲಲ್ಲಿ ತಾರೀಕು, ಅಳೆದ ರಾಡಿನ ದಪ್ಪ, ಗುಲಾಬಿ ಬಣ್ಣ ಶುರುವಾದ ಆಳ ಇಷ್ಟು ಬರೆದಿಡಿ, ಪೇಂಟ್ ಮಾಡುವಾಗ ಅಷ್ಟು ಬಿಡ್ಲಿಕ್ಕೆ ಹೇಳಿ. ಉಚ್ಚಿಲದಲ್ಲಿ ಪ್ರತಿ ದೀಪಾವಳಿಗೆ ಹೋದಾಗ ಮಾವ ಸ್ಟೂಲ್ ತಂದಿಟ್ಟು ಸುತ್ತಿಗೆ ಕೊಡ್ತಾರೆ, ಹಳೆ ಜಾಗಕ್ಕಿಂತ ಹೆಚ್ಚಾಗಿ ಅದರ ಸುತ್ತಲಿನ ಒಂದಡಿಯನ್ನು ತಟ್ಟುತ್ತಾ ಬರ್ತೇನೆ. ಹೋದ ಸಲ ಒಂದು ಮೂಲೆಯಲ್ಲಿ ಸದ್ದು ಸ್ವಲ್ಪ ಸಂಶಯ ಬಂತು, ಅಲ್ಲಿ ಚಾಕ್‌ಪೀಸಲ್ಲಿ ವೃತ್ತ ಹಾಕಿ ಬಂದಿದ್ದೇನೆ, ಈ ಡಿಸೆಂಬರಲ್ಲಿ ಬಿಡಿಸಿ ನೋಡ್ಬೇಕು.